ಪಾಪರ್ ಅರ್ಜಿ: ಹೊಸ ಕಾನೂನು ಬಂದಿದೆ, ನಿಮಗೆ ಇನ್ನೂ ಬಂದಿಲ್ಲ

"ಮೇಡಂ, ಈಗ ಪಾಪರ್ ಹಾಕೋದು ಸುಲಭ ಆಗಿದೆಯಂತಲ್ಲ, ವಿಡಿಯೊದಲ್ಲಿ ನೋಡಿದೆ." ಹೀಗೆ ಹೇಳುತ್ತಲೇ ಕುರ್ಚಿ ಎಳೆದುಕೊಳ್ಳುವವರು ತಿಂಗಳಿಗೆ ಇಬ್ಬರಾದರೂ ನನ್ನ ಆಫೀಸಿಗೆ ಬರುತ್ತಾರೆ. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಬ್ಯಾಂಕಿನ ನೋಟಿಸು, ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟು, ಯಾವುದೋ ಆ್ಯಪ್ ಸಾಲದ ಸ್ಕ್ರೀನ್‌ಶಾಟು. ಅವರು ನೋಡಿದ ವಿಡಿಯೊ ಪೂರ್ತಿ ಸುಳ್ಳಲ್ಲ. ಆದರೆ ಅದರಲ್ಲಿ ಹೇಳಿದ ಬಾಗಿಲು ಅವರಿಗೆ ಇನ್ನೂ ತೆರೆದಿಲ್ಲ.

ಮೊದಲು ಆ ಪದದ ವಿಷಯ. ಪಾಪರ್ ಅಂದರೆ ಕೋರ್ಟ್ ಫೀಸು ಕಟ್ಟಲೂ ಆಗದವನು. ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಲ್ಲಿ ಫೀಸಿಲ್ಲದೆ ದಾವೆ ಹಾಕುವುದಕ್ಕೆ ಇದ್ದ ಪದ ಅದು, 1976ರ ತಿದ್ದುಪಡಿಯಲ್ಲಿ ಅದನ್ನೂ ತೆಗೆದರು. ಸಾಲ ತೀರಿಸಲಾಗದೆ ಕೈ ಎತ್ತುವುದು ಬೇರೆ, ಅದು ದಿವಾಳಿ ಅರ್ಜಿ. ಆದರೂ ಜನರ ಬಾಯಲ್ಲಿ ಪಾಪರ್ ಅಂತಲೇ ಉಳಿದಿದೆ, ನಾನೂ ತಿದ್ದುವುದನ್ನು ಬಿಟ್ಟಿದ್ದೇನೆ.

ಹೊಸದೆಂದರೆ 2016ರ ದಿವಾಳಿ ಸಂಹಿತೆ. ಎಲ್ಲರೂ ಐಬಿಸಿ ಅನ್ನುತ್ತಾರೆ. ಅದರ ಮೂರನೇ ಭಾಗ ಇರುವುದೇ ವ್ಯಕ್ತಿಗಳಿಗೆ ಮತ್ತು ಪಾಲುದಾರಿಕೆ ಸಂಸ್ಥೆಗಳಿಗೆ. ಓದಲು ಚೆನ್ನಾಗಿದೆ. ಅರ್ಜಿ ಹೋಗುವುದು ಸಾಲ ವಸೂಲಾತಿ ನ್ಯಾಯಮಂಡಳಿಗೆ. ಅರ್ಜಿ ಹಾಕಿದ ದಿನದಿಂದಲೇ ಆ ಸಾಲಗಳ ಮೇಲಿನ ಕೇಸುಗಳಿಗೆ ತಾತ್ಕಾಲಿಕ ತಡೆ. ಒಬ್ಬ ವೃತ್ತಿಪರರು ಬಂದು ಲೆಕ್ಕ ನೋಡುತ್ತಾರೆ, ಕಂತಿನ ಯೋಜನೆ ಮಾಡಲು ನೆರವಾಗುತ್ತಾರೆ. ಮೌಲ್ಯದ ಲೆಕ್ಕದಲ್ಲಿ ಮುಕ್ಕಾಲು ಪಾಲು ಸಾಲ ಕೊಟ್ಟವರು ಒಪ್ಪಿದರೆ ಯೋಜನೆ ಪಾಸು. ತೀರಾ ಬಡವರಿಗೆ 'ಹೊಸ ಆರಂಭ' ಅಂತ ಬೇರೆ ದಾರಿಯೇ ಇದೆ. ಅದಕ್ಕೆ ವರ್ಷದ ಆದಾಯ 60,000 ರೂಪಾಯಿ ದಾಟಬಾರದು, ಆಸ್ತಿ 20,000 ದಾಟಬಾರದು, ಮನ್ನಾ ಆಗಬೇಕಾದ ಸಾಲ 35,000 ದಾಟಬಾರದು, ಸ್ವಂತ ಮನೆ ಇರಬಾರದು. ತಿಂಗಳಿಗೆ 5,000 ದುಡಿಯುವವನಿಗೆ 35,000 ಸಾಲ ಕೊಡುವವರು ಯಾರು ಅಂತ ಕೇಳಬೇಡಿ. ಮೀಟರ್ ಬಡ್ಡಿಯವರು ಕೊಡುತ್ತಾರೆ.

ಸಮಸ್ಯೆ ಇರುವುದು ಬೇರೆ ಕಡೆ. ಈ ಭಾಗ ಪುಸ್ತಕದಲ್ಲಿದೆ, ಜಾರಿಗೆ ಬಂದಿಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಿರುವುದು ಒಂದೇ ಗುಂಪಿಗೆ: ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ಕೊಟ್ಟವರಿಗೆ, 2019ರ ಡಿಸೆಂಬರ್ 1ರಿಂದ. ಸಾಮಾನ್ಯವಾಗಿ ಆ ಕಂಪನಿಯ ನಿರ್ದೇಶಕರೇ ಆ ಜಾಮೀನುದಾರರು. ಅವರ ಅರ್ಜಿ ಹೋಗುವುದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ, ಶುಲ್ಕ 2,000 ರೂಪಾಯಿ. 2021ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಅಧಿಸೂಚನೆಯನ್ನು ಎತ್ತಿಹಿಡಿಯಿತು, 2023ರ ನವೆಂಬರ್‌ನಲ್ಲಿ ಪ್ರಕ್ರಿಯೆಯನ್ನೂ ಎತ್ತಿಹಿಡಿಯಿತು. ಬರೀ ತಡೆ ಸಿಗಲೆಂದೇ ಅರ್ಜಿ ಹಾಕುವವರು ಜಾಸ್ತಿಯಾದರು ಅನ್ನುವ ದೂರಿದೆ. ಹಾಗಾಗಿ 2025ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆಯಲ್ಲಿ ಜಾಮೀನುದಾರರಿಗೆ ಆ ತಾತ್ಕಾಲಿಕ ತಡೆ ಬೇಡ ಅನ್ನುವ ಪ್ರಸ್ತಾಪವೂ ಸೇರಿತ್ತು. ನೀವು ನೋಡಿದ ವಿಡಿಯೊ ಬಹುಶಃ ಇವರ ಬಗ್ಗೆ ಇತ್ತು.

ಅಂಗಡಿ ಮುಚ್ಚಿದವರು, ಕೆಲಸ ಹೋದವರು, ಆಸ್ಪತ್ರೆ ಬಿಲ್ಲಿಗೆ ಸಾಲ ಮಾಡಿದವರು, ಇವರಿಗೆಲ್ಲ ಇರುವುದು ಹಳೇ ದಾರಿಯೇ. 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಕೋಲ್ಕತ್ತ, ಮುಂಬೈ, ಚೆನ್ನೈ ನಗರಗಳಿಗೆ 1909ರದ್ದು ಬೇರೆ ಇದೆ, ಅದು ನಮಗೆ ಸಂಬಂಧವಿಲ್ಲ. ಈ ಎರಡೂ ಇನ್ನೂ ಜೀವಂತ ಅಂತ 2017ರಲ್ಲಿ ಕೇಂದ್ರ ಸರ್ಕಾರವೇ ಸ್ಪಷ್ಟಪಡಿಸಿದೆ. ಹಳೇ ಕಾಯ್ದೆ ಅಂದರೆ ಎಷ್ಟು ಹಳೇದು ಅಂತೀರಾ? ಅರ್ಜಿ ಹಾಕಲು ಸಾಲ ಕನಿಷ್ಠ 500 ರೂಪಾಯಿ ಇರಬೇಕು ಅನ್ನುತ್ತದೆ. ಆಸ್ತಿಯ ಬೆಲೆ ಸಾಲದ ರೂಪಾಯಿಗೆ ಎಂಟಾಣೆಯಷ್ಟೂ, ಅಂದರೆ ಅರ್ಧದಷ್ಟೂ, ಇಲ್ಲದಿದ್ದರೆ ಸಾಲದಿಂದ ಪೂರ್ತಿ ಬಿಡುಗಡೆ ಕೊಡಬಾರದು, ಅದು ನಿಮ್ಮ ತಪ್ಪಿನಿಂದ ಆದದ್ದಲ್ಲ ಅಂತ ಕೋರ್ಟಿಗೆ ಮನವರಿಕೆ ಮಾಡಿದರೆ ಮಾತ್ರ ಬೇರೆ ಮಾತು ಅನ್ನುತ್ತದೆ. ಎಂಟಾಣೆ ನಾಣ್ಯ ನೋಡಿ ಎಷ್ಟು ವರ್ಷ ಆಯಿತೋ.

ಅರ್ಜಿ ಜಿಲ್ಲಾ ಮಟ್ಟದ ನ್ಯಾಯಾಲಯದಲ್ಲಿ. ಆಸ್ತಿ ಏನಿದೆ, ಎಲ್ಲಿದೆ, ಯಾರ್ಯಾರಿಗೆ ಎಷ್ಟು ಕೊಡಬೇಕು, ಅವರ ವಿಳಾಸ ಏನು, ಎಲ್ಲ ಬರೆದುಕೊಡಬೇಕು. ಎಡವುವುದು ಇಲ್ಲೇ. ಬ್ಯಾಂಕಿನ ಸಾಲ ಬರೆಯುತ್ತಾರೆ, ಅಕ್ಕನ ಗಂಡನಿಂದ ತಂದ ಕೈಸಾಲ ಬಿಡುತ್ತಾರೆ. "ಅವರದ್ದು ಹೇಗೋ ಕೊಟ್ಟುಬಿಡ್ತೀನಿ ಮೇಡಂ, ಸುಮ್ನೆ ಅವರನ್ನ ಕೋರ್ಟಿಗೆ ಎಳೆಯೋದು ಯಾಕೆ." ಪ್ರೀತಿ ಅರ್ಥವಾಗುತ್ತದೆ. ಆದರೆ ಅರ್ಜಿಗೆ ಹಿಂದಿನ ಮೂರು ತಿಂಗಳಲ್ಲಿ ಒಬ್ಬರಿಗೆ ಅನುಕೂಲ ಆಗಲೆಂದು ಕೊಟ್ಟ ಹಣ ವಾಪಸ್ ಕೇಳುವ ಅಧಿಕಾರ ನಿಮ್ಮ ಆಸ್ತಿ ನೋಡಿಕೊಳ್ಳಲು ಕೋರ್ಟ್ ನೇಮಿಸುವ ರಿಸೀವರ್‌ಗೆ ಇದೆ. ಸೈಟನ್ನು ಹೆಂಡತಿ ಹೆಸರಿಗೆ ದಾನಪತ್ರ ಮಾಡಿ ಬರುವವರೂ ಇದ್ದಾರೆ. ದಾನ ಮಾಡಿದ ಎರಡು ವರ್ಷದೊಳಗೆ ದಿವಾಳಿ ಅಂತ ಘೋಷಣೆಯಾದರೆ ಆ ಪತ್ರವನ್ನು ಕೋರ್ಟ್ ರದ್ದು ಮಾಡಬಹುದು. ಬೇಕೆಂದೇ ಆಸ್ತಿ, ಲೆಕ್ಕ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಇಂಥವರು ನನ್ನ ಹತ್ತಿರ ಬರುವ ಹೊತ್ತಿಗೆ ನೋಂದಣಿ ಮುಗಿದಿರುತ್ತದೆ, ಸಲಹೆ ಕೊಟ್ಟ ಪುಣ್ಯಾತ್ಮ ಯಾರು ಅಂತ ಕೇಳಿದರೆ ಮಾತ್ರ ಯಾರೂ ಹೇಳುವುದಿಲ್ಲ.

ಇನ್ನೊಂದು ಭ್ರಮೆ, ಅರ್ಜಿ ಹಾಕಿದ ಕೂಡಲೇ ಫೋನು ನಿಲ್ಲುತ್ತದೆ ಅನ್ನುವುದು. ಹಳೇ ಕಾಯ್ದೆಯಲ್ಲಿ ಆ ತಾತ್ಕಾಲಿಕ ತಡೆ ಇಲ್ಲ. ದಿವಾಳಿ ಅಂತ ಕೋರ್ಟ್ ಘೋಷಿಸಿದ ಮೇಲೆ ನಿಮ್ಮ ಆಸ್ತಿ ಕೋರ್ಟಿನ ಅಥವಾ ರಿಸೀವರ್‌ನ ವಶಕ್ಕೆ ಹೋಗುತ್ತದೆ. ಆಮೇಲೆ ಸಾಲ ಕೊಟ್ಟವರು ಕೋರ್ಟಿನ ಅನುಮತಿ ಇಲ್ಲದೆ ಆ ಸಾಲಕ್ಕೆ ಕೇಸು ಹಾಕುವಂತಿಲ್ಲ. ಅಲ್ಲಿಯವರೆಗೆ ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡಬಾರದು ಅನ್ನುವ ರಿಸರ್ವ್ ಬ್ಯಾಂಕಿನ ನಿಯಮವೇ ನಿಮಗಿರುವ ರಕ್ಷಣೆ. ಮನೆ ಅಡವಿಟ್ಟ ಬ್ಯಾಂಕಿಗೆ ಘೋಷಣೆಯ ನಂತರವೂ ತಡೆ ಇಲ್ಲ, ಅದು ಮನೆಯನ್ನು ಹರಾಜು ಹಾಕಬಹುದು. ಚೆಕ್ ಬೌನ್ಸ್ ಕೇಸು ತನ್ನಷ್ಟಕ್ಕೆ ತಾನು ನಡೆಯುತ್ತದೆ. ಹೆಂಡತಿ ಮಕ್ಕಳ ಜೀವನಾಂಶ, ಮೋಸದಿಂದ ಮಾಡಿದ ಸಾಲ, ಸರ್ಕಾರಕ್ಕೆ ಕೊಡಬೇಕಾದ ಬಾಕಿ, ಇವು ಕೊನೆಯಲ್ಲೂ ಮನ್ನಾ ಆಗುವುದಿಲ್ಲ. ನಿಮಗೆ ಶ್ಯೂರಿಟಿ ಹಾಕಿದ ಸ್ನೇಹಿತನೂ ಪಾರಾಗುವುದಿಲ್ಲ, ನಿಮ್ಮ ಬಿಡುಗಡೆ ನಿಮಗಷ್ಟೇ. ಇದನ್ನು ಹೇಳಿದಾಗ ಎದ್ದು ಹೋದವರಿದ್ದಾರೆ, ಅವರ ಮೇಲೆ ನನಗೆ ಗೌರವ ಇದೆ.

ಹಾಗಾದರೆ ಸಾಲದಿಂದ ಬಿಡುಗಡೆ ಯಾವಾಗ? ಘೋಷಣೆಯ ದಿನ ಅಲ್ಲ. ಘೋಷಣೆಯ ಆದೇಶದಲ್ಲೇ ಕೋರ್ಟ್ ಒಂದು ಅವಧಿ ಬರೆದಿರುತ್ತದೆ, ಅದರೊಳಗೆ ನೀವು ಬಿಡುಗಡೆ ಕೋರಿ ಇನ್ನೊಂದು ಅರ್ಜಿ ಹಾಕಬೇಕು. ಅದು ಮಂಜೂರಾಗುವ ತನಕ ನಿಮಗೆ ಬರುವ ಆಸ್ತಿ, ಅಪ್ಪನಿಂದ ಬಂದ ಪಾಲು ಕೂಡ, ರಿಸೀವರ್ ಕೈಗೆ.

ಪ್ರಿಂಟಿಂಗ್ ಪ್ರೆಸ್ ನಡೆಸುತ್ತಿದ್ದ ಒಬ್ಬರಿಗೆ ಘೋಷಣೆ ಸಿಕ್ಕಿತು, ಒಂದು ವರ್ಷದ ಅವಧಿ. ಆದೇಶದ ಪ್ರತಿ ತೆಗೆದುಕೊಂಡು, ಸ್ವೀಟ್ ಬಾಕ್ಸ್ ಕೊಟ್ಟು ಹೋದವರು ಮತ್ತೆ ಬಂದದ್ದು ಎರಡೂವರೆ ವರ್ಷದ ಮೇಲೆ, ಜಪ್ತಿ ನೋಟಿಸು ಹಿಡಿದು. ನಡುವೆ ಫೋನ್ ನಂಬರ್ ಬದಲಾಗಿತ್ತು, ಮನೆ ಬದಲಾಗಿತ್ತು, ನಾನು ಬರೆದ ಎರಡು ಪತ್ರ ವಾಪಸ್ ಬಂದಿದ್ದವು. ಬಿಡುಗಡೆಗೆ ಅರ್ಜಿ ಹಾಕದ ಕಾರಣ ಘೋಷಣೆಯೇ ರದ್ದಾಗಿತ್ತು. ಹೀಗೆ ರದ್ದಾದವರು ಹೊಸ ದಿವಾಳಿ ಅರ್ಜಿ ಹಾಕಬೇಕಾದರೂ ಮೊದಲು ಅದೇ ಕೋರ್ಟಿನ ಅನುಮತಿ ಬೇಕು. "ಎಲ್ಲ ಮುಗೀತು ಅಂದ್ಕೊಂಡಿದ್ದೆ ಮೇಡಂ" ಅಂದರು. ಅವರನ್ನು ಬೈಯಲು ಮನಸ್ಸಾಗಲಿಲ್ಲ, ಆ ದಿನಾಂಕ ಆದೇಶದ ನಾಲ್ಕನೇ ಪುಟದ ಕೊನೆಯಲ್ಲಿ ಒಂದೇ ಸಾಲಿನಲ್ಲಿತ್ತು.

ಈಗ ನಾನು ಆ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದೇ ಪ್ರತಿ ಕೊಡುತ್ತೇನೆ. ಮನೆಯವರ ಫೋನಿನಲ್ಲೂ ರಿಮೈಂಡರ್ ಹಾಕಿಸುತ್ತೇನೆ, ಒಂದು ತಿಂಗಳು ಮುಂಚೆಗೆ.