‘ಕಳ್ಳಕ್ಕಡಲ್’ ಅಂದರೆ ಉಬ್ಬರವೇ?

ಪ್ರಶ್ನೆ: ಮಲಯಾಳ ಚಾನೆಲ್‌ಗಳಲ್ಲಿ ‘ಕಳ್ಳಕ್ಕಡಲ್’ ಎಂಬ ಎಚ್ಚರಿಕೆ ಆಗಾಗ ಬರುತ್ತದೆ. ಇದು ನಾವು ಹೇಳುವ ಉಬ್ಬರವೇ, ಬೇರೆಯಾ? ಗಾಳಿ ಮಳೆ ಇಲ್ಲದ ದಿನವೂ ಕಡಲು ಮೇಲೆ ಬರುವುದು ಹೇಗೆ?
– ಒಬ್ಬ ಓದುಗರು, ಕುಂಬಳೆ

ಬೇರೆಯೇ. ಉಬ್ಬರಕ್ಕೆ ಪಂಚಾಂಗದಷ್ಟೇ ಗಟ್ಟಿ ಲೆಕ್ಕ ಇದೆ. ಚಂದ್ರ, ಸೂರ್ಯರ ಸೆಳೆತಕ್ಕೆ ನಮ್ಮ ಕರಾವಳಿಯಲ್ಲಿ ದಿನಕ್ಕೆ ಸಾಧಾರಣ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಮರುದಿನ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಗೆ ಜೋರು, ಅಷ್ಟಮಿ ಹೊತ್ತಿಗೆ ಮಂದ. ಚಂದ್ರಗಿರಿ ಅಳಿವೆಯಲ್ಲಿ ದೋಣಿ ಇಳಿಸುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಕಳ್ಳಕ್ಕಡಲಿಗೆ ಚಂದ್ರ ಕಾರಣವಲ್ಲ. ಅದು ಹುಟ್ಟುವುದು ಹಿಂದೂ ಮಹಾಸಾಗರದ ತೀರಾ ದಕ್ಷಿಣದಲ್ಲಿ, ನಮ್ಮಿಂದ ಸಾವಿರಾರು ಕಿಲೋಮೀಟರ್ ದೂರ. ಅಲ್ಲಿ ಬಿರುಗಾಳಿ ದಿನಗಟ್ಟಲೆ ಬೀಸಿದರೆ ದೊಡ್ಡ ಅಲೆಗಳು ಏಳುತ್ತವೆ. ಗಾಳಿ ಅಲ್ಲೇ ಉಳಿಯುತ್ತದೆ, ಅಲೆಗಳು ಉತ್ತರಕ್ಕೆ ಹೊರಡುತ್ತವೆ. ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಅಂತರ ಜಾಸ್ತಿ. ಇಂಥ ಉದ್ದನೆಯ ಅಲೆಗಳು ದಾರಿಯಲ್ಲಿ ಬಲ ಕಳೆದುಕೊಳ್ಳುವುದು ಕಡಿಮೆ. ಆಳದ ನೀರಿನಲ್ಲಿ ದೋಣಿಯವರಿಗೂ ಅಷ್ಟಾಗಿ ತಿಳಿಯುವುದಿಲ್ಲ. ದಡದ ಹತ್ತಿರ ಆಳ ಕಡಿಮೆ ಆದಾಗ ಅಲೆಯ ವೇಗ ತಗ್ಗಿ, ಎತ್ತರ ಹೆಚ್ಚುತ್ತದೆ. ಹಾಗಾಗಿ ಮಂಜೇಶ್ವರದಲ್ಲೋ ಉಪ್ಪಳದಲ್ಲೋ ಆಕಾಶ ಶುಭ್ರವಾಗಿರುತ್ತದೆ, ತೆಂಗಿನ ಗರಿಯೂ ಅಲುಗುವುದಿಲ್ಲ, ನೀರು ಮಾತ್ರ ಅಂಗಳಕ್ಕೆ ಬಂದಿರುತ್ತದೆ. ಮಳೆಗಾಲಕ್ಕೆ ಮುಂಚೆ, ಏಪ್ರಿಲ್–ಮೇ ತಿಂಗಳಲ್ಲಿ ಇದರ ಕಾಟ ಹೆಚ್ಚು. ಭೂಕಂಪದಿಂದ ಏಳುವ ಸುನಾಮಿಯೂ ಇದಲ್ಲ.

ಕಳ್ಳನಂತೆ ಬರುವ ಕಡಲು ಎಂದು ಹೆಸರಿಟ್ಟವರು ಕೇರಳದ ಮೀನುಗಾರರು. ನಮಗಂತೂ ಬಿಡಿಸಿ ಹೇಳಬೇಕಾಗಿಲ್ಲ, ಎರಡೂ ಪದ ಕನ್ನಡದಲ್ಲೂ ಇವೆ. 2012ರಲ್ಲಿ ಯುನೆಸ್ಕೋ ಒಪ್ಪಿದ ಮೇಲೆ ವಿಜ್ಞಾನಿಗಳೂ ಇದನ್ನೇ ಬಳಸುತ್ತಿದ್ದಾರೆ. ಕನ್ನಡ ಸುದ್ದಿಯಲ್ಲಿ ಇದನ್ನು ‘ಉಬ್ಬರ’ ಅಂತ ಬರೆದರೆ ಗೊಂದಲ. ‘ಕಡಲ್ಕೊರೆತ’ವೂ ಸರಿಯಾಗದು, ಅದು ದಡ ಕರಗುವ ಕತೆ. ‘ಕಳ್ಳಕಡಲು’ ಅಂತಲೇ ಬರೆದರೆ ಏನು ತೊಂದರೆ?

ಅಂದಹಾಗೆ, ಈ ಕಳ್ಳ ಈಗ ಪೂರ್ತಿ ಕಳ್ಳನಲ್ಲ. ದೂರದ ಅಲೆ ಇಲ್ಲಿಗೆ ಮುಟ್ಟಲು ಕೆಲವು ದಿನ ಬೇಕು. ಆ ಬಿಡುವಿನಲ್ಲಿ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ (ಇನ್‌ಕಾಯ್ಸ್) ಲೆಕ್ಕ ಹಾಕಿ ಮುನ್ನೆಚ್ಚರಿಕೆ ಕೊಡುತ್ತದೆ. ನೀವು ಟಿ.ವಿ.ಯಲ್ಲಿ ನೋಡುವುದು ಅದನ್ನೇ.

ಉಬ್ಬರಕ್ಕೂ ಇದಕ್ಕೂ ನಂಟೇ ಇಲ್ಲ ಅಂತಲೂ ಅಲ್ಲ. ಹುಣ್ಣಿಮೆಯ ಉಬ್ಬರದ ಹೊತ್ತಿಗೇ ಈ ಅಲೆಗಳು ಬಂದರೆ ನೀರು ಇನ್ನಷ್ಟು ಒಳಗೆ ನುಗ್ಗುತ್ತದೆ. ಆದ್ದರಿಂದ ಎಚ್ಚರಿಕೆಯಲ್ಲಿ ಅಲೆಯ ಎತ್ತರವನ್ನು ಮಾತ್ರ ನೋಡಬೇಡಿ, ಅಂದಿನ ಉಬ್ಬರದ ಸಮಯವನ್ನೂ ನೋಡಿ. ದೋಣಿಗಳು ಒಂದಕ್ಕೊಂದು ಬಡಿಯದಂತೆ ಅಂತರ ಬಿಟ್ಟು ಕಟ್ಟಬೇಕು. ಅಲೆ ನೋಡುವುದಕ್ಕೆ ಅಂತ ಸುಮ್ನೆ ದಡಕ್ಕೆ ಹೋಗುವುದಂತೂ ಬೇಡವೇ ಬೇಡ.