ಬೆಣ್ಣೆ ಬಿಟ್ಟಿರಿ, ಸರಿ, ಬದಲಿಗೆ ತಿಂದದ್ದೇನು?

‘ನಿನ್ನೆ ಮೊಟ್ಟೆ ವಿಷ ಅಂದರು, ಇವತ್ತು ಒಳ್ಳೆಯದು ಅಂತಾರೆ. ವಿಜ್ಞಾನಿಗಳಿಗೇ ಗೊತ್ತಿಲ್ಲ, ನಾವು ನಾಲಿಗೆಗೆ ಹಿಡಿಸಿದ್ದನ್ನು ತಿನ್ನೋಣ.’ ಹೃದಯಾಘಾತದ ಮಾತು ಬಂದಲ್ಲೆಲ್ಲ ಇದನ್ನು ಕೇಳುತ್ತೇನೆ, ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಈ ಮಾತಿನ ಬೆನ್ನಿಗೇ ಕೊಲೆಸ್ಟ್ರಾಲ್ ಕರಗಿಸುವ ಪುಡಿ ಮಾರುವವರು ಬಂದು ನಿಲ್ಲುತ್ತಾರೆ, ವೈದ್ಯರು ಕೊಟ್ಟ ಮಾತ್ರೆ ಮೂಲೆ ಸೇರುತ್ತದೆ. ಆದರೆ ಒಂದಕ್ಕೊಂದು ಜಗಳಕ್ಕೆ ನಿಂತಂತೆ ಕಾಣುವ ಈ ಸಲಹೆಗಳಲ್ಲಿ ಹಲವು, ಒಂದು ಪ್ರಶ್ನೆ ಕೇಳಿದರೆ ರಾಜಿಯಾಗುತ್ತವೆ: ಬಿಟ್ಟದ್ದರ ಜಾಗದಲ್ಲಿ ಏನು ತಿಂದರು?

ಮೊದಲು ಮೊಟ್ಟೆ. ಅದರ ಕಥೆ ಶುರುವಾಗುವುದು ಮೊಲದಿಂದ. 1913ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಿಕೊಲಾಯ್ ಅನಿಚ್ಕೋವ್ ಎಂಬ ವಿಜ್ಞಾನಿ, ಮೊಟ್ಟೆಯ ಹಳದಿಯಲ್ಲಿ ಧಾರಾಳವಾಗಿರುವ ಕೊಲೆಸ್ಟ್ರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಮೊಲಗಳಿಗೆ ತಿನ್ನಿಸಿದರು. ರಕ್ತನಾಳದ ಒಳಗೋಡೆಯಲ್ಲಿ ಮನುಷ್ಯರಲ್ಲಿ ಕಾಣುವಂಥದೇ ಕೊಬ್ಬಿನ ತೇಪೆಗಳು ಮೂಡಿದವು. ಇಲಿಗಳಲ್ಲಿ, ನಾಯಿಗಳಲ್ಲಿ ಹಾಗಾಗಲಿಲ್ಲ. ಮೊಲ ಸೊಪ್ಪು ತಿನ್ನುವ ಪ್ರಾಣಿ, ಕೊಲೆಸ್ಟ್ರಾಲ್ ಅದಕ್ಕೆ ಅಪರಿಚಿತ ಅತಿಥಿ. ನಮ್ಮ ದೇಹವಾದರೋ ತನಗೆ ಬೇಕಾದ ಕೊಲೆಸ್ಟ್ರಾಲಿನ ಬಹುಪಾಲನ್ನು ತಾನೇ ತಯಾರಿಸುತ್ತದೆ. ಊಟದಿಂದ ಹೆಚ್ಚು ಬಂದರೆ ತಯಾರಿಕೆ ತಗ್ಗಿಸುತ್ತದೆ. 1968ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ದಿನಕ್ಕೆ 300 ಮಿ.ಗ್ರಾಂ ಕೊಲೆಸ್ಟ್ರಾಲ್, ವಾರಕ್ಕೆ ಮೂರೇ ಮೊಟ್ಟೆಯ ಹಳದಿ ಎಂದು ಗೆರೆ ಎಳೆದಿತ್ತು. 2015ರ ಅಮೆರಿಕದ ಆಹಾರ ಮಾರ್ಗಸೂಚಿಯಲ್ಲಿ ಆ 300ರ ಮಿತಿ ಇಲ್ಲ. ಹಾಗೆಂದು ಅನಿಚ್ಕೋವ್ ಸೋಲಲಿಲ್ಲ. ರಕ್ತದಲ್ಲಿ ಕೊಲೆಸ್ಟ್ರಾಲ್ ಏರಿದರೆ ನಾಳ ಕೆಡುತ್ತದೆ ಎಂಬ ಅವರ ಮಾತು ಇಂದಿಗೂ ಗಟ್ಟಿ. ತಟ್ಟೆಯಲ್ಲಿರುವ ಕೊಲೆಸ್ಟ್ರಾಲ್ ಬೇರೆ, ರಕ್ತದಲ್ಲಿರುವ ಕೊಲೆಸ್ಟ್ರಾಲ್ ಬೇರೆ, ಅಷ್ಟೆ.

ರಕ್ತದಲ್ಲಿ ಅದು ಏರುವುದು ಹೇಗೆ ಎಂಬುದು ನನಗೆ ತುಂಬ ಪ್ರಿಯವಾದ ವಿಷಯ, ಸ್ವಲ್ಪ ನಿಧಾನಿಸುತ್ತೇನೆ. ಕೊಲೆಸ್ಟ್ರಾಲ್ ಎಲ್‌ಡಿಎಲ್ ಎಂಬ ಕಣಗಳಲ್ಲಿ ಕುಳಿತು ರಕ್ತದಲ್ಲಿ ತೇಲುತ್ತದೆ. ಯಕೃತ್ತಿನ ಜೀವಕೋಶಗಳ ಹೊರಮೈಯಲ್ಲಿ ಇವನ್ನು ಹಿಡಿಯುವ ಗ್ರಾಹಕಗಳಿವೆ. ಗ್ರಾಹಕ ಒಂದು ದೋಣಿ: ಈ ದಡದಲ್ಲಿ ಎಲ್‌ಡಿಎಲ್ ಹತ್ತಿಸಿಕೊಂಡು ಕೋಶದೊಳಗೆ ಇಳಿಸಿ ಬರಿದಾಗಿ ಮರಳುತ್ತದೆ. ಒಂದು ಸುತ್ತಿಗೆ ಸುಮಾರು 10 ನಿಮಿಷ. ಅದರ ಆಯಸ್ಸು ಸುಮಾರು 20 ಗಂಟೆ. ದೋಣಿಗಳು ಕಡಿಮೆಯಾದರೆ ದಡದಲ್ಲಿ ಜನ ಜಮೆಯಾಗುತ್ತಾರೆ. ಬಾವಿಯ ಲೆಕ್ಕದಲ್ಲಿ ಹೇಳುವುದಾದರೆ, ಒರತೆ ಎಷ್ಟೆಂದು ಅಳೆದರೆ ಸಾಲದು, ಸೇದುವ ಕೊಡಗಳು ಎಷ್ಟಿವೆ ಎಂದೂ ನೋಡಬೇಕು. ಹುಟ್ಟಿನಿಂದಲೇ ಈ ಗ್ರಾಹಕಗಳು ಕೆಟ್ಟಿರುವ ಮಕ್ಕಳಿಗೆ ಎಳೆ ವಯಸ್ಸಿನಲ್ಲೇ ಹೃದಯಾಘಾತವಾಗುತ್ತದೆ. ಅಂಥವರ ಕೋಶಗಳನ್ನು ಸಾಕಿ ನೋಡುತ್ತಲೇ ಮೈಕಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಈ ಗ್ರಾಹಕವನ್ನು ಕಂಡುಹಿಡಿದು 1985ರಲ್ಲಿ ನೊಬೆಲ್ ಪಡೆದರು.

ಬೆಣ್ಣೆಯಲ್ಲಿ ಧಾರಾಳವಾಗಿರುವ ಸ್ಯಾಚುರೇಟೆಡ್ ಎಂಬ ಬಗೆಯ ಕೊಬ್ಬು ಈ ದೋಣಿಗಳ ಓಡಾಟವನ್ನು ಮಂದಗೊಳಿಸುತ್ತದೆ. ಹಾಗಾದರೆ ಬೆಣ್ಣೆ ಬಿಟ್ಟರೆ ಆಯಿತೇ? ಇಲ್ಲೇ ಎಡವುವುದು. ಹೊಟ್ಟೆ ಖಾಲಿ ಜಾಗ ಬಿಡುವುದಿಲ್ಲ. ಬೆಣ್ಣೆಯ ಜಾಗಕ್ಕೆ ಸೋಯಾ, ಸೂರ್ಯಕಾಂತಿಯಂಥ ಎಣ್ಣೆ ಬಂದರೆ ಎಲ್‌ಡಿಎಲ್ ಇಳಿಯುತ್ತದೆ, ಹೃದ್ರೋಗವೂ ತಗ್ಗುತ್ತದೆ. ಅದೇ ಜಾಗಕ್ಕೆ ಸಕ್ಕರೆ, ಮೈದಾ ಬಂದರೆ ಎಲ್‌ಡಿಎಲ್ ಕೊಂಚ ಇಳಿದರೂ ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ ಏರುತ್ತದೆ, ಒಟ್ಟು ಲಾಭ ಬಹುಮಟ್ಟಿಗೆ ಸೊನ್ನೆ. ಇಬ್ಬರು ಸಂಶೋಧಕರು ಬೆಣ್ಣೆ ಬಿಟ್ಟವರನ್ನೇ ಅಧ್ಯಯನ ಮಾಡಿ ಎರಡು ಬೇರೆ ಉತ್ತರ ಕೊಟ್ಟರೆ ಇಬ್ಬರೂ ಸರಿಯಿರಬಹುದು.

ಬದಲಿ ಕೆಟ್ಟದ್ದಾದರೆ? ದಶಕಗಳ ಕಾಲ ಜನ ಬೆಣ್ಣೆ ಬಿಟ್ಟು, ಎಣ್ಣೆಯಿಂದ ಬೆಣ್ಣೆಯಂತೆ ಮಾಡಿದ ಗಟ್ಟಿ ಮಾರ್ಗರಿನ್ ಹಚ್ಚಿಕೊಂಡರು. ಎಣ್ಣೆಗೆ ಹೈಡ್ರೋಜನ್ ಸೇರಿಸಿ ಅರ್ಧಂಬರ್ಧ ಗಟ್ಟಿ ಮಾಡಿದಾಗ ಅದರಲ್ಲಿ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. 1990ರಲ್ಲಿ ನೆದರ್ಲೆಂಡ್ಸ್‌ನ ಮೆನ್ಸಿಂಕ್ ಮತ್ತು ಕಟಾನ್, ಅದು ಎಲ್‌ಡಿಎಲ್ ಏರಿಸುವುದಲ್ಲದೆ ಒಳ್ಳೆಯ ಕೊಲೆಸ್ಟ್ರಾಲ್ ಎನಿಸಿದ ಎಚ್‌ಡಿಎಲ್ ಅನ್ನೂ ಇಳಿಸುತ್ತದೆಂದು ತೋರಿಸಿದರು. ಬೆಣ್ಣೆಯೂ ಹೀಗೆ ಎರಡು ಕಡೆಯಿಂದ ಹೊಡೆಯುವುದಿಲ್ಲ. ಒಳ್ಳೆಯ ಮನಸ್ಸಿನಿಂದ ಸಲಹೆ ಪಾಲಿಸಿದವರಿಗೆ ಹೀಗಾಯಿತಲ್ಲ ಎಂದು ಈಗಲೂ ನೋವಾಗುತ್ತದೆ.

2006ರಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಋತುಬಂಧ ದಾಟಿದ 48,835 ಮಹಿಳೆಯರು, ಸುಮಾರು 8 ವರ್ಷ. ಒಂದು ಗುಂಪಿಗೆ ಕೊಬ್ಬು ತಗ್ಗಿಸಿ, ಹಣ್ಣು ತರಕಾರಿ ಧಾನ್ಯ ಹೆಚ್ಚಿಸಲು ಹೇಳಲಾಗಿತ್ತು. ಹೃದ್ರೋಗ ಗಮನಾರ್ಹವಾಗಿ ತಗ್ಗಲಿಲ್ಲ. ‘ನೋಡಿ, ಕೊಬ್ಬಿಗೂ ಹೃದಯಕ್ಕೂ ಸಂಬಂಧವೇ ಇಲ್ಲ’ ಎನ್ನುವವರು ಇಂದಿಗೂ ಇದನ್ನೇ ತೋರಿಸುತ್ತಾರೆ. ಆದರೆ ಆ ಮಹಿಳೆಯರು ತಗ್ಗಿಸಿದ್ದು ಬರೀ ಸ್ಯಾಚುರೇಟೆಡ್ ಕೊಬ್ಬನ್ನಲ್ಲ, ಎಲ್ಲ ಬಗೆಯ ಕೊಬ್ಬನ್ನೂ. ಹಾನಿ ಮಾಡುವುದರ ಜೊತೆಗೆ ಹೃದಯವನ್ನು ಕಾಯುವ ಎಣ್ಣೆಯೂ ಹೋಯಿತು. ಎರಡೂ ಗುಂಪುಗಳ ನಡುವೆ ಎಲ್‌ಡಿಎಲ್‌ನ ವ್ಯತ್ಯಾಸ ಡೆಸಿಲೀಟರಿಗೆ ಬರೀ ಮೂರೂವರೆ ಮಿ.ಗ್ರಾಂ. ದೋಣಿಗಳು ಮೊದಲಿನಷ್ಟೇ ನಿಧಾನವಾಗಿ ಓಡುತ್ತಿದ್ದವು.