ಡ್ರಾಯಿಂಗ್ ಇಂಕ್‌ಗೆ ನೀರು ಬೆರೆಸಿ ಫೌಂಟನ್ ಪೆನ್ನಿಗೆ ಹಾಕಬಹುದೇ?

ಪ್ರಶ್ನೆ: ಫೌಂಟನ್ ಪೆನ್ನಿನಲ್ಲಿ ಸ್ಕೆಚ್ ಮಾಡಿ ಮೇಲೆ ವಾಟರ್‌ಕಲರ್ ಹಚ್ಚಿದರೆ ಗೆರೆಯೆಲ್ಲ ಕದಡಿ ಹೋಗುತ್ತದೆ. ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್‌ಗೆ ಸ್ವಲ್ಪ ನೀರು ಬೆರೆಸಿ ಪೆನ್ನಿಗೆ ತುಂಬಿಸಿದರೆ ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ. ಅರ್ಧಕ್ಕರ್ಧ ಬೆರೆಸಿದರೂ ಇಲ್ಲ, ಮುಕ್ಕಾಲು ಪಾಲು ಬೆರೆಸಿದರೂ ಇಲ್ಲ, ಡಿಸ್ಟಿಲ್ಡ್ ವಾಟರ್ ಬೆರೆಸಿದರೂ ಇಲ್ಲ. ಭಾನುವಾರ ಬೆಳಿಗ್ಗೆ ಮುಂಬಯಿಯ ಮಾಟುಂಗಾದಲ್ಲಿ ಸ್ಕೆಚ್ ಪುಸ್ತಕ ಹಿಡಿದು ಕೂರುವ ನಮ್ಮ ಕನ್ನಡದವರ ಗುಂಪಿಗೆ ಹೊಸಬರು ಸೇರಿದಾಗೆಲ್ಲ ಇದೇ ಪ್ರಶ್ನೆ. ಡೊಂಬಿವಲಿಯಿಂದ, ಮುಲುಂಡ್‌ನಿಂದ ಫೋನ್ ಮಾಡುವವರದೂ ಇದೇ. ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಈ ಸಲ ಕಾರಣ ಸಮೇತ ಬರೆದಿಡುತ್ತಿದ್ದೇನೆ.

ಫೌಂಟನ್ ಪೆನ್ನಿನ ಸಾಧಾರಣ ಇಂಕ್ ಎಂದರೆ ನೀರಿನಲ್ಲಿ ಪೂರ್ತಿ ಕರಗಿದ ಬಣ್ಣ. ಬೂಷ್ಟು ಹಿಡಿಯದಿರಲು ಒಂದು ರಾಸಾಯನಿಕ, ಸರಾಗವಾಗಿ ಹರಿಯಲು ಇನ್ನೊಂದು ಸೇರಿರುತ್ತವೆ. ಅದು ಒಣಗಿದರೂ ನೀರು ತಾಗಿದರೆ ಮತ್ತೆ ಕರಗುತ್ತದೆ. ನಿಮ್ಮ ಚಿತ್ರ ಕೆಡಿಸುವ ಆ ಗುಣವೇ ನಿಮ್ಮ ಪೆನ್ನನ್ನು ಕಾಪಾಡುವುದು. ಡ್ರಾಯಿಂಗ್ ಇಂಕ್ ಹಾಗಲ್ಲ. ಅದರಲ್ಲಿರುವುದು ನೀರಿನಲ್ಲಿ ತೇಲುವ ಮಸಿಯ ಕಣಗಳು, ಮತ್ತು ಅವನ್ನು ಕಾಗದಕ್ಕೆ ಅಂಟಿಸಲು ಅರಗು. ಬಡಗಿಗಳು ಸ್ಪಿರಿಟ್‌ನಲ್ಲಿ ಕರಗಿಸಿ ಮೇಜು ಕುರ್ಚಿಗೆ ಪಾಲಿಶ್ ಹೊಡೆಯುತ್ತಾರಲ್ಲ, ಅದೇ ಅರಗು. ಬರೀ ನೀರಿನಲ್ಲಿ ಅರಗು ಕರಗುವುದಿಲ್ಲವಾದ್ದರಿಂದ ಬೋರಾಕ್ಸ್‌ನಂಥ ಕ್ಷಾರ ಸೇರಿಸುತ್ತಾರೆ. ಕೆಲವು ಇಂಕ್‌ಗಳಲ್ಲಿ ಅರಗಿನ ಬದಲು ಅಕ್ರಿಲಿಕ್ ಅಂಟು ಇರುತ್ತದೆ. ಯಾವುದೇ ಆಗಲಿ, ಆರಿದ ಮೇಲೆ ಉಳಿಯುವುದು ನೀರಿಗೆ ಜಗ್ಗದ ಪೊರೆ.

‘ನೀರು ಹಾಕಿದರೆ ತೆಳುವಾಗುತ್ತದಲ್ಲ ಸಾರ್?’ ತೆಳುವಾಗುತ್ತದೆ, ಒಪ್ಪುತ್ತೇನೆ. ಆದರೆ ಮಜ್ಜಿಗೆಗೆ ಎಷ್ಟು ನೀರು ಹೊಯ್ದರೂ ಅದು ಹಾಲಾಗುವುದಿಲ್ಲ. ನೀವು ಸೇರಿಸಿದ ನೀರು ನಿಬ್ಬಿನ ತುದಿಯಲ್ಲಿ ಆರಿಹೋಗುತ್ತದೆ, ಅರಗು ಅಲ್ಲೇ ಕೂರುತ್ತದೆ. ಬೇಗ ಕಟ್ಟಬೇಕಿದ್ದ ಪೊರೆ ಸ್ವಲ್ಪ ತಡವಾಗಿ ಕಟ್ಟುತ್ತದೆ, ವ್ಯತ್ಯಾಸ ಅಷ್ಟೇ. ಅದರ ಮೇಲೆ, ನೀರು ಹೆಚ್ಚಾದಂತೆ ಕ್ಷಾರ ದುರ್ಬಲವಾಗುತ್ತದೆ, ಕಣಗಳು ಒಂದಕ್ಕೊಂದು ಅಂಟಿಕೊಂಡು ತಳ ಹಿಡಿಯಬಹುದು. ಗೆರೆಯೂ ಬೂದುಬಣ್ಣಕ್ಕೆ ತಿರುಗುತ್ತದೆ. ಕಪ್ಪೂ ಹೋಯಿತು, ಪೆನ್ನೂ ಹೋಯಿತು.

ಹೀಗೆ ಕಟ್ಟಿಕೊಂಡ ಪೆನ್ನೊಂದು ಕೈಗೆ ಸಿಕ್ಕರೆ ನಿಬ್ ಬಿಚ್ಚಿ, ಅದರ ಕೆಳಗಿನ ಫೀಡ್ ಅನ್ನು, ಅಂದರೆ ನಿಬ್ಬಿಗೆ ಇಂಕ್ ತಲುಪಿಸುವ ತುಂಡನ್ನು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಬೆನ್ನ ಮೇಲೆ ಉದ್ದಕ್ಕೆ ಕೂದಲೆಳೆಯಷ್ಟು ಸಣ್ಣ ಕಾಲುವೆ, ಹೊಟ್ಟೆಯ ಕಡೆ ಒತ್ತೊತ್ತಾಗಿ ಅಡ್ಡ ಸೀಳುಗಳು. ಇಂಕ್ ಕೆಳಗಿಳಿದಷ್ಟೂ ಗಾಳಿ ಮೇಲೇರಬೇಕು, ಹೆಚ್ಚಾದ ಇಂಕ್ ಆ ಸೀಳುಗಳಲ್ಲಿ ತಂಗಬೇಕು. ಪೆನ್ನು ಬರೆಯುವುದೇ ಈ ಕೊಡುಕೊಳ್ಳುವಿಕೆಯಿಂದ. ಕೆಟ್ಟ ಫೀಡ್‌ನಲ್ಲಿ ಸೀಳುಗಳ ನಡುವೆ ಹೊಳೆಯುವ ಕಪ್ಪು ಪೊರೆ ಕಾಣುತ್ತದೆ, ಉಗುರಿನಿಂದ ಕೆರೆದರೆ ಸಿಪ್ಪೆಯಾಗಿ ಏಳುತ್ತದೆ. ಗಾಳಿಯ ದಾರಿ ಮುಚ್ಚಿದ ಮೇಲೆ ಇಂಕ್ ಇಳಿಯುವುದಿಲ್ಲ. ಇಳಿಯಲಿಲ್ಲವೆಂದು ಜನ ಒತ್ತಿ ಬರೆಯುತ್ತಾರೆ, ಆಗ ನಿಬ್ಬಿನ ಎರಡು ಕಾಲುಗಳೂ ಅಗಲಿಕೊಂಡು ಆ ಪೆನ್ನಿನ ಕಥೆ ಮುಗಿಯುತ್ತದೆ.

‘ನಾನು ಹಾಕಿದ್ದೇನೆ, ಚೆನ್ನಾಗೇ ಬರೆಯುತ್ತಿದೆ’ ಎನ್ನುವವರು ಇದ್ದೇ ಇರುತ್ತಾರೆ. ಯಾವ ತಿಂಗಳಲ್ಲಿ ಹಾಕಿದಿರಿ ಎಂದು ಅವರನ್ನು ಕೇಳಬೇಕು. ಜುಲೈಯ ಮುಂಬಯಿಯಲ್ಲಿ ಹಗ್ಗದ ಮೇಲಿನ ಬಟ್ಟೆಯೇ ಒಣಗುವುದಿಲ್ಲ, ಮುಚ್ಚಳ ಹಾಕಿದ ಪೆನ್ನಿನ ಇಂಕ್ ಎಲ್ಲಿಂದ ಒಣಗಬೇಕು? ಅದೇ ಪೆನ್ನನ್ನು ಎಸಿ ಆಫೀಸಿನ ಡ್ರಾಯರ್‌ನಲ್ಲಿಟ್ಟು ದೀಪಾವಳಿ ರಜೆಗೆ ಊರಿಗೆ ಹೋಗಿ ಬನ್ನಿ. ಇನ್ನು, ‘ಆರ್ಕಿಟೆಕ್ಟ್‌ಗಳು ಹಾಕುತ್ತಿದ್ದರಲ್ಲ’ ಎಂಬ ವಾದ. ಅವರ ಕೈಲಿದ್ದದ್ದು ಟೆಕ್ನಿಕಲ್ ಪೆನ್. ಅದರಲ್ಲಿ ನಿಬ್ಬಿನ ಬದಲು ಸಣ್ಣ ಕೊಳವೆ, ಕೊಳವೆಯೊಳಗೆ ಅಲುಗಾಡಿಸಿದರೆ ಓಡಾಡುವ ತಂತಿ ಇರುತ್ತದೆ. ಅಷ್ಟಿದ್ದೂ ಅದನ್ನು ಆಗಾಗ ಬಿಚ್ಚಿ ತೊಳೆಯಬೇಕಿತ್ತು.

ಈ ನಂಬಿಕೆ ಎಲ್ಲಿಂದ ಬಂತೆಂಬುದು ನನಗೆ ಅರ್ಥವಾಗುತ್ತದೆ. ನಮ್ಮ ಹಿರಿಯರು ಇಂಕ್ ಮಾತ್ರೆ, ಇಂಕ್ ಪುಡಿಯನ್ನು ಮನೆಯಲ್ಲೇ ನೀರಿಗೆ ಹಾಕಿ ಕದಡಿಕೊಳ್ಳುತ್ತಿದ್ದರು. 1931ರಲ್ಲಿ ದಾಂಡೇಕರ್ ಸಹೋದರರು ಇದೇ ಮುಂಬಯಿಯಲ್ಲಿ ‘ಹಾರ್ಸ್ ಬ್ರ್ಯಾಂಡ್’ ಹೆಸರಿನಲ್ಲಿ ಶುರುಮಾಡಿದ್ದು ಅಂಥ ಪುಡಿ ಮತ್ತು ಮಾತ್ರೆಗಳನ್ನೇ. ಮುಂದೆ ಅದೇ ಸಂಸ್ಥೆ ಕ್ಯಾಮ್ಲಿನ್ ಆಯಿತು. ಇಂಕ್ ಗಟ್ಟಿಯಾದರೆ ನೀರು ಸೇರಿಸು ಎಂಬ ಮಾತು ಆ ಕಾಲದ್ದು, ಕರಗುವ ಇಂಕ್‌ನ ಮಟ್ಟಿಗೆ ಅದು ಸರಿಯೇ. ಈಗ ಅಬ್ದುಲ್ ರಹಮಾನ್ ಸ್ಟ್ರೀಟ್‌ನ ಸ್ಟೇಷನರಿ ಅಂಗಡಿಗೆ ಹೋದರೆ ಎರಡೂ ಬಗೆಯ ಬಾಟಲಿಗಳು ಅಕ್ಕಪಕ್ಕದಲ್ಲೇ ಕೂತಿರುತ್ತವೆ. ಅಜ್ಜನ ಬುದ್ಧಿಮಾತನ್ನು ಪಕ್ಕದ ಬಾಟಲಿಗೆ ಅನ್ವಯಿಸಿಬಿಡುತ್ತೇವೆ.

ಈಗಾಗಲೇ ತುಂಬಿಸಿದ್ದರೆ ಇವತ್ತೇ ಖಾಲಿ ಮಾಡಿ, ನೀರು ಸ್ವಚ್ಛವಾಗಿ ಬರುವ ತನಕ ತೊಳೆಯಿರಿ. ಒಣಗಿದ್ದರೆ ಒಂದು ಪಾಲು ಮನೆಬಳಕೆಯ ಅಮೋನಿಯಾಗೆ ಹತ್ತು ಪಾಲು ನೀರು, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಸೇರಿಸಿ ನಿಬ್, ಫೀಡ್ ಮಾತ್ರ ನೆನೆಸಿ. ಅರಗಾಗಿದ್ದರೆ ಕ್ಷಾರಕ್ಕೆ ಬಗ್ಗುತ್ತದೆ. ಅಕ್ರಿಲಿಕ್ ಆಗಿದ್ದರೆ ಆಸೆ ಕಡಿಮೆ. ಸ್ಪಿರಿಟ್, ನೈಲ್‌ಪಾಲಿಶ್ ರಿಮೂವರ್ ಮುಟ್ಟಬೇಡಿ, ಪೆನ್ನಿನ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ ಇಲ್ಲವೇ ಕರಗುತ್ತದೆ. ಅಮೋನಿಯಾ ಇರುವ ಕಡೆ ಬ್ಲೀಚ್ ತರಲೇಬೇಡಿ, ವಿಷಾನಿಲ ಏಳುತ್ತದೆ. ಬ್ಲೀಚ್‌ನಿಂದ ಇಂಕ್ ಅಳಿಸಿ ಚಿತ್ರ ಮಾಡುವವರು ಈಗ ಹೆಚ್ಚಾಗಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಕರಗದ ಗೆರೆ ಬೇಕೆಂದರೆ? ಫೌಂಟನ್ ಪೆನ್ನಿಗೆಂದೇ ಮಾಡಿದ ಪಿಗ್ಮೆಂಟ್ ಇಂಕ್ ತನ್ನಿ. ಪ್ಲಾಟಿನಂ ಕಾರ್ಬನ್ ಬ್ಲ್ಯಾಕ್, ಡಿ ಅಟ್ರಮೆಂಟಿಸ್ ಡಾಕ್ಯುಮೆಂಟ್ ಅಂಥವು. ಅವುಗಳಲ್ಲೂ ಕಣಗಳಿವೆ, ಆದರೆ ಬಹಳ ನುಣುಪು, ಅರಗಿಲ್ಲ. ಮುಚ್ಚಳ ಬಿಗಿಯಾಗಿ ಕೂರುವ ಪೆನ್ನು ಬಳಸಿ, ಆಗಾಗ ತೊಳೆಯಿರಿ, ಬಳಸದೆ ಬಿಡಬೇಡಿ. ಅಷ್ಟು ದುಡ್ಡು ಬೇಡವೆಂದರೆ ಹೋಲ್ಡರ್, ನಿಬ್ ಕೊಂಡು ಡ್ರಾಯಿಂಗ್ ಇಂಕ್‌ನಲ್ಲಿ ಅದ್ದಿ ಬರೆಯಿರಿ, ಒರೆಸಿಡಿ. ಅದ್ದುವ ನಿಬ್ಬಿಗೆ ಫೀಡೇ ಇಲ್ಲ, ಕಟ್ಟಿಕೊಳ್ಳಲು ಏನೂ ಇಲ್ಲ. ಹೋಲ್ಡರ್ ಎಂದರೆ ಮೂಗು ಮುರಿಯುವವರಿಗೆ ಒಂದು ಮಾತು: ನಮ್ಮ ಸಂವಿಧಾನದ ಇಂಗ್ಲಿಷ್ ಮೂಲಪ್ರತಿಯನ್ನು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಬರೆದದ್ದು ಹೋಲ್ಡರ್‌ಗೆ ಸಿಕ್ಕಿಸಿದ 303 ನಂಬರಿನ ನಿಬ್ಬಿನಿಂದ.

ನನ್ನನ್ನು ಕೇಳಿದರೆ, ಕರಗುವ ಇಂಕನ್ನು ಬೈಯುವ ಮೊದಲು ಅದರ ಜೊತೆ ಸ್ವಲ್ಪ ಆಡಿ. ಫೈವ್ ಗಾರ್ಡನ್ಸ್ ಉದ್ಯಾನದ ಮರವೊಂದನ್ನು ಕಪ್ಪು ಇಂಕ್‌ನಲ್ಲಿ ಬಿಡಿಸಿ, ನೆರಳಿನ ಕಡೆಯ ಗೆರೆಗಳ ಮೇಲೆ ಮಾತ್ರ ಒದ್ದೆ ಕುಂಚ ಎಳೆಯಿರಿ. ಅನೇಕ ಕಪ್ಪು ಇಂಕ್‌ಗಳು ಹಲವು ಬಣ್ಣಗಳ ಮಿಶ್ರಣ. ಕಾಗದಕ್ಕೆ ಬೇಗ ಅಂಟುವ ಬಣ್ಣ ಗೆರೆಯ ಹತ್ತಿರವೇ ನಿಂತು, ಅಷ್ಟಾಗಿ ಅಂಟದ್ದು ನೀರಿನ ಜೊತೆ ದೂರ ಓಡುತ್ತದೆ. ಅಂಚಿನಲ್ಲಿ ನೀಲಿಯೋ ನೇರಳೆಯೋ ತಾನಾಗಿ ಮೂಡುತ್ತದೆ. ಬುಡದ ನೆರಳಿಗೆ ಬೇರೆ ಬಣ್ಣ ಕಲಸುವ ಕೆಲಸವೇ ಇಲ್ಲ. ನಮ್ಮ ಗುಂಪಿನ ಒಬ್ಬ ಅಜ್ಜಿ ಇದೊಂದೇ ವಿಧಾನದಲ್ಲಿ ಮಾಟುಂಗಾದ ಹೂವಿನ ಅಂಗಡಿಗಳನ್ನು ಬರೆಯುತ್ತಾರೆ, ಸೇವಂತಿಗೆ ರಾಶಿಯ ಕೆಳಗಿನ ಒದ್ದೆ ನೆಲ ನಿಜವಾಗಿ ಒದ್ದೆಯಾಗಿಯೇ ಕಾಣುತ್ತದೆ. ಅವರು ನನ್ನಿಂದ ಕಲಿತವರೆಂದು ಹೇಳಿಕೊಳ್ಳಲು ನನಗೆ ಹೆಮ್ಮೆ.

ನೀರಿನ ಬಗ್ಗೆ ಇಷ್ಟು ಕೇಳುವವರು ಬಿಸಿಲಿನ ಬಗ್ಗೆ ಕೇಳುವುದೇ ಇಲ್ಲ. ಚಿತ್ರಕ್ಕೆ ಫ್ರೇಮ್ ಹಾಕಿಸಿ ಬಾಲ್ಕನಿಯ ಎದುರು ಗೋಡೆಗೆ ತೂಗುಹಾಕುತ್ತಾರೆ. ಕರಗುವ ಬಣ್ಣಗಳಲ್ಲಿ ಬಹಳಷ್ಟು ಬೆಳಕಿಗೆ ಬಿಳಿಚುತ್ತವೆ, ಗುಲಾಬಿ, ನೇರಳೆಗಳ ವಿಷಯದಲ್ಲಂತೂ ವಿಶೇಷ ಎಚ್ಚರ ಬೇಕು. ನೀರಿಗೆ ಜಗ್ಗದ ಇಂಕ್ ಬಿಸಿಲಿಗೂ ಜಗ್ಗುವುದಿಲ್ಲ ಎಂದು ತಿಳಿಯಬೇಡಿ, ಅವೆರಡೂ ಬೇರೆ ಬೇರೆ ಗುಣ. ಕಾರ್ಬನ್ ಮಸಿ ಎರಡಕ್ಕೂ ಗಟ್ಟಿ, ಉಳಿದವನ್ನು ಪರೀಕ್ಷಿಸಿಯೇ ತಿಳಿಯಬೇಕು. ನಿಮ್ಮಲ್ಲಿರುವ ಪ್ರತಿ ಇಂಕ್‌ನಿಂದ ಒಂದೇ ಕಾಗದದ ಪಟ್ಟಿಯ ಮೇಲೆ ಅಡ್ಡಗೆರೆ ಎಳೆದು ಹೆಸರು ಬರೆಯಿರಿ. ಪಟ್ಟಿಯ ಅರ್ಧವನ್ನು ದಪ್ಪ ಕಪ್ಪು ಕಾಗದದಿಂದ ಮುಚ್ಚಿ, ಪಶ್ಚಿಮದ ಕಿಟಕಿಯ ಗಾಜಿಗೆ ಒಳಗಿನಿಂದ ಅಂಟಿಸಿ, ಮಳೆ ನಿಂತ ಮೇಲಿನ ಎರಡು ತಿಂಗಳು ಬಿಡಿ. ಮುಚ್ಚಿದ ಅರ್ಧಕ್ಕೂ ತೆರೆದ ಅರ್ಧಕ್ಕೂ ವ್ಯತ್ಯಾಸ ಕಾಣದ ಇಂಕ್‌ಗಳಿಂದ ಮಾಡಿದ ಚಿತ್ರಗಳನ್ನು ಗೋಡೆಗೆ ಹಾಕಿ. ಉಳಿದವನ್ನು ಒಳ್ಳೆಯದಾಗಿ ಸ್ಕ್ಯಾನ್ ಮಾಡಿಟ್ಟುಕೊಂಡು, ಮೂಲವನ್ನು ಪುಸ್ತಕದೊಳಗೇ ಇರಲು ಬಿಡಿ.